ನಲವತ್ತನೆಯ ನಮಸ್ಕಾರ

ಅಮ್ಮನ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕೂತಿರುವ ಟ್ರಾಯ್ಚೆಗೆ,

ಯಾರು ಯಾವ ಮಾತು ಕೊಟ್ಟಿದ್ದರು, ಏನು ಸಿಕ್ಕಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಶ್ಟಿಪ್‌ನ ಡಾಕ್ಟರಮ್ಮ ಹೇಳಿದ್ದಳು: ಏನೂ ಇರಲಿಕ್ಕಿಲ್ಲ, ಸುಮ್ಮನೆ ಒಂದು ಸಲ ರಾಜಧಾನಿ ಸ್ಕೋಪ್ಯೆಯಲ್ಲಿ ತೋರಿಸಿಕೊಂಡು ಬನ್ನಿ. ಇತ್ತು. ಸ್ಕೋಪ್ಯೆಯ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು: ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ವಿವರವಾಗಿ ತಿಳಿಸುತ್ತೇವೆ. ನಿನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಇಂಥ ಸುದ್ದಿ ಕೇಳಿದವರ ಜೊತೆ ಮಾತಾಡಲಿಕ್ಕೆಂದೇ ಒಬ್ಬ ಮನಶ್ಶಾಸ್ತ್ರಜ್ಞೆ ಇದ್ದಾರೆ ಎಂದಿದ್ದರು. ಆಕೆಯ ಕೋಣೆ ಇತ್ತು, ಬಾಗಿಲ ಮೇಲೆ ಬೋರ್ಡು ಇತ್ತು, ಒಳಗೆ ಕಾಲು ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಫ್ಯಾಕ್ಟರಿಯ ಸೂಪರ್‌ವೈಸರು ಬಸುರಿಗೆ ಕೂತು ಮಾಡುವ ಕೆಲಸ ಕೊಡುತ್ತೇನೆ ಎಂದಿದ್ದ. ಇಸ್ತ್ರಿ ಮೇಜಿನ ಮುಂದೆ ನಿಲ್ಲಿಸಿದ. ಕಡೆಯದಾಗಿ ನೀನು. ಏನೇ ಬರಲಿ ಯಾಗೊದಾ, ಇಬ್ಬರೂ ಒಟ್ಟಿಗೆ ಎಂದಿದ್ದೆ. ಈಗ ನೀನು ನಿನ್ನಮ್ಮನ ಶೆಡ್ಡಿನಲ್ಲಿ ಹೊಲಿಗೆಯ ಒಂದು ಹಳೇ ಕಾಲುಮಿಷನ್ನನ್ನು ಬಿಚ್ಚಿ ಜೋಡಿಸಿ ಬಿಚ್ಚಿ ಜೋಡಿಸಿ ಕೂತಿದ್ದೀಯಂತೆ. ನಾನು ಇಲ್ಲಿ ಒಬ್ಬಳೇ.

ಉಳಿದವರ ಜೊತೆ ಜಗಳ ಆಡುವುದು ನನಗೆ ಗೊತ್ತು. ಹೊಲಿಗೆಯವರ ಸಂಘ ಕಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಗೇಟಿನ ಮುಂದೆ ನಿಂತು ಮಾಲೀಕನ ಕಾರು ತಡೆದವಳು ನಾನು. ಆದರೆ ಜಗಳಕ್ಕೆ ಎದುರಿಗೊಬ್ಬರು ಬೇಕಲ್ಲ ಮಾರಾಯ! ಮಾಲೀಕ ಕೂಡ ಕಡೆಗೊಮ್ಮೆ ಕಿಟಕಿ ತೆರೆದು ಮುಖ ತೋರಿಸಿದ್ದ. ನೀನು ಫೋನನ್ನೂ ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಮ್ಮ ತಂದ ಊಟದ ಡಬ್ಬಿ ಖಾಲಿಯಾಗಿದೆ, ಅದರೊಳಗೇ ಇಟ್ಟು ಕಳಿಸುತ್ತೇನೆ. ಡಬ್ಬಿಯನ್ನಾದರೂ ತೆರೆಯುತ್ತೀಯಲ್ಲ.

ಆ ಬಾಗಿಲ ಒಳಗೆ ಏನಾಯಿತು ಅನ್ನುವುದನ್ನು ನೀನು ಒಂದು ಸಲವೂ ಪೂರ್ತಿ ಕೇಳಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ನೀನು ಎದ್ದು ನಲ್ಲಿ ತಿರುಗಿಸುತ್ತಿದ್ದೆ, ಇಲ್ಲ ಒಲೆ ಕೆದಕುತ್ತಿದ್ದೆ. ಈಗ ಓದು.

ಕತ್ತಲೆ ಕೋಣೆ. ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ. ಹೃದಯದ ಡಾಕ್ಟರು ಬಂದು ಕೂತು, ಪರದೆ ನೋಡುತ್ತಾ ನೋಡುತ್ತಾ ಸುಮ್ಮನಾಗಿಬಿಟ್ಟರು. ನಮ್ಮನ್ನು ಹೆದರಿಸಲಿಕ್ಕೆ ಮಾಲೀಕ ಗೂಂಡಾಗಳನ್ನು ಕಳಿಸಿದ್ದುಂಟು, ಪೊಲೀಸರನ್ನು ಕಳಿಸಿದ್ದುಂಟು. ಸುಮ್ಮನಿರುವ ಡಾಕ್ಟರಿಗಿಂತ ಹೆಚ್ಚು ಹೆದರಿಸುವವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. ಇನ್ನೊಬ್ಬರನ್ನು ಕರೆದರು. ಫ್ಯಾಕ್ಟರಿಯಲ್ಲಿ ರಿಪೇರಿಗೆ ಕರೆದಾಗ ಕೆಟ್ಟು ನಿಂತ ಮಿಷನ್ ಮೇಲೆ ಬಗ್ಗಿ ನೀನೂ ನಿನ್ನ ಜೊತೆಗಾರನೂ ಮಾತಾಡುತ್ತೀರಲ್ಲ, ಹಾಗೆ ಇಬ್ಬರೂ ನನ್ನ ಹೊಟ್ಟೆಯ ಮೇಲೆ ಬಗ್ಗಿ ಮಾತಾಡಿದರು. ಮಿಷನ್ನಿಗೆ ಕಿವಿ ಇಲ್ಲ. ನನಗಿತ್ತು.

ಆಮೇಲೆ ಹೇಳಿದರು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿವೆ. ಮೈಗೆ ಹೋಗಬೇಕಾದದ್ದು ಶ್ವಾಸಕೋಶದ ಜಾಗದಲ್ಲಿದೆ, ಶ್ವಾಸಕೋಶದ್ದು ಮೈಯ ಜಾಗದಲ್ಲಿದೆ. ಹೊಟ್ಟೆಯಲ್ಲಿರುವಷ್ಟು ಕಾಲ ತೊಂದರೆಯಿಲ್ಲ, ನಿಮ್ಮ ಉಸಿರೇ ಅದರ ಉಸಿರು. ಹುಟ್ಟಿದ ಮೇಲೆ ಕಷ್ಟ. ಮೊದಲ ವಾರದಲ್ಲಿ, ತಡವಾದರೆ ಎರಡನೆಯದರಲ್ಲಿ, ಆಪರೇಷನ್ ಮಾಡಿ ನಾಳಗಳನ್ನು ಅವುಗಳ ಜಾಗಕ್ಕೆ ಕೂಡಿಸಬೇಕು. ಬಹಳಷ್ಟು ಮಕ್ಕಳು ಬದುಕಿಕೊಳ್ಳುತ್ತವೆ.

ನನಗೆ ಅರ್ಥವಾಯಿತು, ಟ್ರಾಯ್ಚೆ. ಹೊಸ ಹುಡುಗಿಯರು ಕೋಟಿನ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಕೂಡಿಸಿಬಿಡುತ್ತಾರಲ್ಲ, ಅದು. ಬಟ್ಟೆ ಒಳ್ಳೆಯದೇ, ದಾರ ಒಳ್ಳೆಯದೇ, ತೋಳುಗಳೂ ಚೆನ್ನಾಗಿಯೇ ಇವೆ. ಹೊಲಿಗೆ ಬಿಚ್ಚಿ ಮತ್ತೆ ಕೂಡಿಸಬೇಕು. ನಮ್ಮಲ್ಲಿ ಅಂಥ ಕೋಟನ್ನು ಯಾರೂ ಬಿಸಾಡುವುದಿಲ್ಲ. ಆದರೆ ಆ 'ಬಹಳಷ್ಟು' ಅನ್ನುವ ಪದ ಇದೆಯಲ್ಲ, ಅದು ಅಂದಿನಿಂದ ನನ್ನ ಪಕ್ಕದಲ್ಲೇ ಮಲಗುತ್ತದೆ. ನಿನ್ನ ಜಾಗದಲ್ಲಿ. ಬಹಳಷ್ಟು ಅಂದರೆ ಎಲ್ಲರೂ ಅಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಅವರು ನನ್ನ ಕೈಗೆ ಕಾಗದದ ಟವೆಲು ಕೊಡುತ್ತಾ, ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸ್ಟಾಪಿನಲ್ಲಿ ಇಳೀತೀರಾ ಅಂತ ಕೇಳುವ ದನಿಯಲ್ಲಿ ಕೇಳಿದರು: "ಮುಂದುವರಿಸ್ತೀರಾ?"

ನಾನು ಹೇಳಿದೆ: "ನನ್ನ ಗಂಡನ್ನ ಕರೀರಿ."

ನರ್ಸಮ್ಮ ಹೇಳಿದಳು: "ಗಂಡಸರನ್ನ ಒಳಗೆ ಬಿಡಲ್ಲಮ್ಮ, ಬೇರೆ ಹೆಂಗಸರು ಇರ್ತಾರೆ."

ಬೇರೆ ಹೆಂಗಸರು! ಆ ಕೋಣೆಯಲ್ಲಿದ್ದ ಹೆಂಗಸು ಅಂದರೆ ನಾನೊಬ್ಬಳು, ನರ್ಸಮ್ಮ ಒಬ್ಬಳು. ಡಾಕ್ಟರು ಗಡಿಯಾರ ನೋಡಿದರು. ಮುಂದುವರಿಸುತ್ತೇನೆ ಎಂದೆ. 'ಮುಂದುವರಿಸುತ್ತೇವೆ' ಅನ್ನಬೇಕಿತ್ತು, ಬಾಯಿಗೆ ಬರಲಿಲ್ಲ, ಯಾಕೆಂದರೆ ಅಲ್ಲಿ 'ನಾವು' ಇರಲಿಲ್ಲ. ಅದಾದ ಮೇಲೆ ಅವರು ಪರದೆಯ ಕಡೆ ತಿರುಗಿಕೊಂಡು, ಪರದೆಗೇ ಹೇಳುವ ಹಾಗೆ, ಯಾರ ತಪ್ಪೂ ಅಲ್ಲ ಎಂದರು. ನನ್ನ ಮುಖ ನೋಡಿ ಅದನ್ನು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೊರಗೆ ಬಂದೆ. ನೀನು ಕಾಫಿ ಮಿಷನ್ನಿನ ಪಕ್ಕ ನಿಂತು, ಟೋಪಿಯನ್ನು ಹಿಂಡುತ್ತಾ, ಕೇಳಿದ ಮೊದಲ ಮಾತು: "ಗಂಡೋ ಹೆಣ್ಣೋ?" ಹೆಣ್ಣು ಎಂದೆ. ಉಳಿದದ್ದನ್ನು ಅರ್ಧಂಬರ್ಧ ಹೇಳಿದೆ. ಅರ್ಧ ಮರೆತಿತ್ತು, ಅರ್ಧ ಹೇಳಲಾಗಲಿಲ್ಲ. ನೀನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಊರಿಗೆ ಬರುವ ದಾರಿಯುದ್ದಕ್ಕೂ ಆ ಬಸ್ಸಿನ ಗೇರು ಸರಿಯಾಗಿ ಬೀಳುತ್ತಿಲ್ಲ ಅಂತ ನನಗೆ ವಿವರಿಸಿದೆ. ಆ ಬಸ್ಸಿನ ಗೇರಿನ ವಿಷಯದಲ್ಲಿ ಇವತ್ತು ಈ ದೇಶದಲ್ಲಿ ನನಗಿಂತ ಹೆಚ್ಚು ತಿಳಿದವರಿಲ್ಲ.

ಮನೆಯ ಮೆಟ್ಟಿಲಲ್ಲಿ ನೀನು ಅಪ್ಪಣೆ ಹೊರಡಿಸಿದೆ: ಯಾರಿಗೂ ಹೇಳಬೇಡ. ಹುಟ್ಟುವವರೆಗೆ ಹೇಳಬಾರದು. ಹೆಸರು ಎತ್ತಬಾರದು, ಬಟ್ಟೆ ಕೊಳ್ಳಬಾರದು, ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು. ಆಡಿದರೆ ಅದು ದಾರಿ ಹುಡುಕಿಕೊಂಡು ಬರುತ್ತದೆ. ಹಳೇ ಮುದುಕಿಯರ ಕತೆ ಅಂತ ನಗುತ್ತಿದ್ದವನು ನೀನೇ ಅಲ್ಲವೇ? ಮದುವೆಯಲ್ಲಿ ಹೊಸ್ತಿಲು ತುಳಿಯಬೇಡ ಅಂದದ್ದಕ್ಕೆ ಬೇಕೆಂದೇ ತುಳಿದು ನಿಂತು ಎಲ್ಲರನ್ನೂ ನಗಿಸಿದವನು ನೀನೇ ಅಲ್ಲವೇ? ಆ ಟ್ರಾಯ್ಚೆಯನ್ನು ಆ ಆಸ್ಪತ್ರೆಯ ಓಣಿಯಲ್ಲಿ ಯಾರು ಕದ್ದುಕೊಂಡು ಹೋದರು?

ಆಮೇಲೆ ಆ ಪ್ರಶ್ನೆ. ನೀನು ಮರೆತಿರಬಹುದು, ಅಥವಾ ಮರೆತ ಹಾಗೆ ಇರಬಹುದು. ಊಟದ ಮಧ್ಯೆ, ತಟ್ಟೆಯಿಂದ ತಲೆ ಎತ್ತದೆ, ಮೆಲ್ಲಗೆ ಕೇಳಿದೆ: "ನವೆಂಬರಿನಲ್ಲಿ ಮುಷ್ಕರದ ದಿನ ಗೇಟು ಧಡಾರಂತ ಮುಚ್ಚಿತಲ್ಲ, ಆಗ ನೀನು ಬೆಚ್ಚಿಬಿದ್ದು ಕೈ ಎಲ್ಲಿ ಇಟ್ಟುಕೊಂಡೆ?"

ನಮ್ಮೂರಿನಲ್ಲಿ ಹುಟ್ಟಿದ ಪ್ರತಿ ಹೆಂಗಸಿಗೂ ಈ ಪ್ರಶ್ನೆಯ ಅರ್ಥ ಗೊತ್ತು. ಬಸುರಿ ಬೆಚ್ಚಿಬಿದ್ದಾಗ ಮೈಯ ಯಾವ ಜಾಗ ಮುಟ್ಟಿಕೊಳ್ಳುತ್ತಾಳೋ ಮಗುವಿಗೆ ಅಲ್ಲೇ ಊನ. ಕೆನ್ನೆ ಮುಟ್ಟಿದರೆ ಕೆನ್ನೆಯ ಮೇಲೆ ಮಚ್ಚೆ. ಎದೆ ಮುಟ್ಟಿದರೆ? ನಾನು ಎದೆಯನ್ನೇ ಮುಟ್ಟಿಕೊಂಡಿದ್ದೆ, ಟ್ರಾಯ್ಚೆ. ಬೆಚ್ಚಿಬಿದ್ದವರು ಇನ್ನೆಲ್ಲಿ ಮುಟ್ಟಿಕೊಳ್ಳುತ್ತಾರೆ, ಮೊಣಕಾಲಾ? ಸಂಘದ ಸಭೆಗಳಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಬಿಗಿದವಳು ನಾನು. ಆದರೂ ನೀನು ಕೇಳುವ ಮೊದಲೇ ನನ್ನನ್ನು ನಾನೇ ಅದನ್ನು ಕೇಳಿಕೊಂಡಿದ್ದೆ. ಇಸ್ತ್ರಿ ಮೇಜಿನ ಮುಂದೆ ನಿಂತು, ಹಬೆಯಲ್ಲಿ ಬೇಯುತ್ತಾ, ಅಂದು ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕಿತ್ತು, ಜೇಬಿನಲ್ಲಿ ಇಟ್ಟುಕೊಳ್ಳಬೇಕಿತ್ತು ಅಂತ ಹಲುಬಿದ್ದೆ. ನೀನು ಕೇಳಿದ್ದಕ್ಕೆ ನನಗೆ ಸಿಟ್ಟು ಬಂದದ್ದು ಅದಕ್ಕೇ. ನನ್ನೊಳಗೆ ನಾನು ಬೀಗ ಹಾಕಿಟ್ಟಿದ್ದ ಮಾತನ್ನು ನೀನು ಊಟದ ಮೇಜಿನ ಮೇಲೆ ತಂದಿಟ್ಟೆ. ಹೇಳಿದ್ದೂ ನೀನೇ: ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು!

ನಾನು ತಟ್ಟೆ ಎಸೆದೆ, ಗೋಡೆಗೆ. ಹುರುಳಿಕಾಯಿ ಪಲ್ಯದ ಕಲೆ ಇನ್ನೂ ಇದೆ, ಒರೆಸಿಲ್ಲ. ನೀನು ಬಂದು ಒರೆಸು.

ಇನ್ನೊಂದನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ಬರೀ ದೂರಾಗುತ್ತದೆ. ಆಮೇಲೊಂದು ಭಾನುವಾರ ಮಧ್ಯಾಹ್ನ ನಾನು ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆ ಬಂದಿದೆ ಅಂದುಕೊಂಡು ನೀನು ಹತ್ತಿರ ಬಂದೆ. ಫ್ಯಾಕ್ಟರಿಯಲ್ಲಿ ಮಿಷನ್ ಒಳಗಿನ ಸದ್ದು ಕೇಳಲು ಒಂದು ಉದ್ದನೆಯ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೀಯಲ್ಲ, ಹಿಡಿಯನ್ನು ಕಿವಿಗೆ ಒತ್ತಿ ತುದಿಯನ್ನು ಕಬ್ಬಿಣಕ್ಕೆ ಊರುವೆಯಲ್ಲ, ಅದನ್ನು ತಂದಿದ್ದೆ. ತಿರುಗಿಸಿ ಹಿಡಿದೆ. ಮೊನಚು ನಿನ್ನ ಕಡೆಗೆ, ಮರದ ಹಿಡಿ ನನ್ನ ಹೊಟ್ಟೆಯ ಮೇಲೆ. ಆ ಮೊನಚಿನ ತುದಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಎಷ್ಟೋ ಹೊತ್ತು ಕೇಳಿದೆ. ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ನನ್ನ ಹೊಟ್ಟೆಯ ಗುಡುಗುಡು ಇರಬೇಕು. ನೀನು ಮಾತ್ರ, ಯಾರೋ ಗಿರಾಕಿಗೆ ಹೇಳುವ ಹಾಗೆ, "ಸದ್ದು ಸರಿ ಇದೆ" ಅಂದೆ. ಆಮೇಲೆ ಅಡಿಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ. ನೀರಿನ ಸದ್ದಿನ ಅಡಿಯಲ್ಲಿ ಏನಿತ್ತು ಅಂತ ನನಗೆ ಕೇಳಿಸುವುದಿಲ್ಲ ಅಂದುಕೊಂಡೆಯಾ? ನನಗೆ ಸ್ಕ್ರೂಡ್ರೈವರ್ ಬೇಕಾಗಿಲ್ಲ.

ಅವತ್ತು ಎದ್ದು ಬಂದು ನಿನ್ನ ಬೆನ್ನಿಗೆ ಆತುಕೊಳ್ಳಬೇಕಿತ್ತು. ಆತುಕೊಂಡರೆ ಇಬ್ಬರೂ ಕುಸಿಯುತ್ತೇವೆ ಅನ್ನಿಸಿತು. ಮಲಗಿಯೇ ಇದ್ದೆ. ಹೀಗೆ ಒಂದೇ ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು, ಇನ್ನೊಬ್ಬರಿಗೆ ಕೇಳಿಸದ ಹಾಗೆ ಅಳುವುದೇ ನಮ್ಮ ಸಂಸಾರವಾಯಿತು.

ಅಷ್ಟರಲ್ಲಿ ಚೆತರ್ಸೆ ಹಬ್ಬ ಬಂತು.

ಬೇಡ ಅಂತ ನಾನು ಹೇಳಿದೆ. ಈ ವರ್ಷ ಬೇಡ. ನಲವತ್ತು ಹುತಾತ್ಮರ ಹಬ್ಬ ಅಂದರೆ ಊರಿಗೆ ಊರೇ ಇಸಾರ್ ಗುಡ್ಡ ಹತ್ತುವ ದಿನ. ಹತ್ತುತ್ತಾ ನಲವತ್ತು ಕಲ್ಲು ಆರಿಸಬೇಕು, ನಲವತ್ತು ಬಾದಾಮಿ ಮೊಗ್ಗು ಕೀಳಬೇಕು, ನಲವತ್ತು ಜನ ಗುರುತಿನವರಿಗೆ ನಮಸ್ಕಾರ ಹೇಳಬೇಕು. ನಲವತ್ತು ಜನ! ಹೊಟ್ಟೆ ಮುಂದಿಟ್ಟುಕೊಂಡು ಹತ್ತುವ ಹೆಂಗಸಿಗೆ ಆ ನಲವತ್ತು ಜನ ಏನು ಕೇಳುತ್ತಾರೆ, ಗೋಧಿಯ ಬೆಲೆಯಾ? ಆದರೆ ನೀನು ಹಟ ಹಿಡಿದೆ. ಹೋಗದಿದ್ದರೆ ಜನ ಏನೋ ಆಗಿದೆ ಅಂದುಕೊಳ್ಳುತ್ತಾರೆ ಎಂದೆ. ಏನೋ ಆಗಿತ್ತಲ್ಲ ಮಾರಾಯ! ಆಗಿತ್ತು!

ಹತ್ತಿದೆವು. ನಮಸ್ಕಾರ, ನಮಸ್ಕಾರ. "ಏನ್ ಯಾಗೊದಾ, ಮಗು ಹೇಗಿದೆ?" ನಾನು ಬಾಯಿ ತೆರೆಯುವ ಮೊದಲೇ ನೀನು: "ಚೆನ್ನಾಗಿದೆ." ಮತ್ತೊಬ್ಬರು. "ಮಗು ಹೇಗಿದೆ?" "ಚೆನ್ನಾಗಿದೆ." ಪ್ರತಿ ನಮಸ್ಕಾರಕ್ಕೂ ಒಂದು ಕಲ್ಲು ನಿನ್ನ ಚೀಲಕ್ಕೆ, ಒಂದು ಸುಳ್ಳು ನನ್ನ ಎದೆಗೆ. ನಿನ್ನ ಚೀಲ ನೆಲಕ್ಕೆ ಜಗ್ಗುವ ಹೊತ್ತಿಗೆ ನನಗೆ ಉಸಿರು ಕಟ್ಟುತ್ತಿತ್ತು. ಗುಡ್ಡ ಹತ್ತಿದ್ದಕ್ಕಲ್ಲ.

ಮೂವತ್ತಾರನೆಯವಳಾಗಿ ಸಿಕ್ಕಿದ್ದು ದೆಸಾಂಕಾ. ನನ್ನ ಸಾಲಿನಲ್ಲೇ ಕಾಲರ್ ಹೊಲಿಯುವವಳು, ಮುಷ್ಕರದಲ್ಲಿ ನನ್ನ ಪಕ್ಕದಲ್ಲಿ ನಿಂತವಳು. ದೂರದಿಂದಲೇ ಕೂಗಿದಳು: "ಲೇ ಯಾಗೊದಾ! ಹೊಟ್ಟೆಯೊಳಗಿನ ಲೀಡರಮ್ಮ ಹೇಗಿದ್ದಾಳೆ? ಈಗಲೇ ಬೇಡಿಕೆ ಇಡ್ತಾ ಇದ್ದಾಳಾ?" ನೀನು ನಕ್ಕೆ. ಆ ನಗು ಎಲ್ಲಿಂದ ತಂದೆಯೋ. ನಕ್ಕು ಹೇಳಿದೆ: "ಕುದುರೆ ಇದ್ದ ಹಾಗಿದ್ದಾಳೆ! ಗುಂಡಿಗೆ ಅಂದ್ರೆ ಗುಂಡಿಗೆ!"

ಗುಂಡಿಗೆ. ಬೇರೆ ಯಾವ ಪದವನ್ನಾದರೂ ಆಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ.

"ಇಲ್ಲ," ಎಂದೆ. "ಗುಂಡಿಗೆ ಸರಿ ಇಲ್ಲ, ದೆಸಾಂಕಾ. ನಾಳಗಳು ಅದಲುಬದಲಾಗಿವೆ. ಹುಟ್ಟಿದ ವಾರದಲ್ಲೇ ಎದೆ ಕೊಯ್ಯಬೇಕು. ಬದುಕ್ತಾಳೋ ಇಲ್ವೋ ಗೊತ್ತಿಲ್ಲ."

ಜೋರಾಗಿಯೇ ಹೇಳಿದೆ. ನನ್ನ ಗಂಟಲು ಗೇಟಿನ ಮುಂದೆ ಪಳಗಿದ ಗಂಟಲು, ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮುಂದೆ ಹೋಗುತ್ತಿದ್ದವರು ನಿಂತರು. ನಮ್ಮ ಹಿಂದೆಯೇ ನಿನ್ನಮ್ಮ ಬರುತ್ತಿದ್ದರು, ಅವರ ಕೈಯಿಂದ ಬಾದಾಮಿ ಕೊಂಬೆ ಜಾರಿತು. ನೀನು ಬಿಳಿಚಿಕೊಂಡೆ. "ಎಲ್ಲಾ ನೀನೇ ತೀರ್ಮಾನ ಮಾಡು," ಅಂದೆ. "ಆ ಕೋಣೆಯೊಳಗೂ ನೀನೇ, ಇಲ್ಲೂ ನೀನೇ. ನನ್ನನ್ನ ಯಾರು ಕೇಳಿದ್ರು?" ಚೀಲವನ್ನು ನೆಲಕ್ಕೆ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು, ಇಳಿದು ಹೊರಟುಹೋದೆ. ಇಡೀ ಊರು ಮೇಲೆ ಹತ್ತುತ್ತಿದ್ದ ದಿನ ನೀನೊಬ್ಬನೇ ಕೆಳಗೆ.

ನೀನು ಅಂದದ್ದರಲ್ಲಿ ನ್ಯಾಯವಿದೆ. ನಿನ್ನನ್ನು ಯಾರೂ ಕೇಳಲಿಲ್ಲ. ಅಪ್ಪನಾದವನನ್ನು ಕಾಫಿ ಮಿಷನ್ನಿನ ಪಕ್ಕ ನಿಲ್ಲಿಸಿ, ಮಗಳ ಜೀವದ ಪ್ರಶ್ನೆಯನ್ನು ನನ್ನೊಬ್ಬಳಿಗೆ ಹಾಕಿದರು. ಅದು ಅನ್ಯಾಯ. ಆದರೆ ಅನ್ಯಾಯ ಮಾಡಿದವರು ಬಾಗಿಲಿಗೆ ಬೀಗ ಹಾಕಿದವರು ಕಣೋ, ಒಳಗೆ ಸಿಕ್ಕಿಹಾಕಿಕೊಂಡವಳಲ್ಲ. ನಮ್ಮ ಸಂಘದಲ್ಲಿ ಮೊದಲ ದಿನವೇ ಕಲಿಸುವ ಪಾಠ ಇದು: ಮೇಲಿನವರು ತುಳಿದಾಗ ಪಕ್ಕದವಳ ಜುಟ್ಟು ಹಿಡಿಯಬೇಡ. ನಾವಿಬ್ಬರೂ ಸರಿಯಾಗಿ ಅದನ್ನೇ ಮಾಡಿದೆವು. ಅವರ ಮುಂದೆ ಇಬ್ಬರೂ ತಲೆ ಬಗ್ಗಿಸಿದೆವು, ಮನೆಗೆ ಬಂದು ಒಬ್ಬರ ಮೇಲೊಬ್ಬರು ಹುಲಿಯಾದೆವು.

ನೀನು ಹೋದ ಮೇಲೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ದೆಸಾಂಕಾ ಬುದ್ಧಿಮಾತು ಹೇಳಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ. "ಥೂ! ಎಂಥ ಕರ್ಮ ಆಯ್ತೇ," ಅಂದಳು. ಒದ್ದೆ ಕಲ್ಲಿನ ಮೇಲೆ ನನ್ನ ಪಕ್ಕ ಕುಕ್ಕರಿಸಿ ಕೂತು, ಸೂರ್ಯಕಾಂತಿ ಬೀಜ ಕೊಟ್ಟಳು. ಇಬ್ಬರೂ ಸಿಪ್ಪೆ ಉಗುಳುತ್ತಾ ಕೂತೆವು. ಆ ಸುದ್ದಿ ಕೇಳಿದ ದಿನದಿಂದ ಮೊದಲ ಸಲ ನನಗೆ ಬಾಯಿಯ ರುಚಿ ತಿಳಿಯಿತು.

ನಂತರ ಎದ್ದೆ. ಅರ್ಧಕ್ಕೆ ಬಿಡುವವಳಲ್ಲ ನಾನು. ನಿನ್ನ ಚೀಲ ಎತ್ತಿಕೊಂಡು ಹತ್ತಿದೆ. ಮೂವತ್ತೇಳನೆಯ ನಮಸ್ಕಾರ ನಿನ್ನಮ್ಮನಿಗೆ. ಅವರು ಕೇಳಿದ್ದು ಅದೇ: "ಬೆಚ್ಚಿಬಿದ್ದಾಗ ಎದೆ ಮುಟ್ಟಿಕೊಂಡ್ಯಾ ಮಗಳೇ?" ಹೌದು ಅತ್ತೆ ಎಂದೆ. ತಲೆಗೆ ಕಟ್ಟಿದ್ದ ಚೌಕದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಮೂವತ್ತೆಂಟನೆಯದು ಔಷಧಿ ಅಂಗಡಿಯ ಯಜಮಾನಿಗೆ. ತಾಳಿಕೊಳ್ಳುವ ಶಕ್ತಿ ಇದ್ದವರಿಗೇ ದೇವರು ಕಷ್ಟ ಕೊಡುವುದು ಅಂತ ಆಕೆ ಅಪ್ಪಣೆ ಕೊಡಿಸಿದಳು. ಹಾಗಾದರೆ ಅವನಿಗೊಂದು ಮಾತು ಮುಟ್ಟಿಸಿ, ವಿಳಾಸ ತಪ್ಪಿದೆ ಎಂದೆ.

ಮೂವತ್ತೊಂಬತ್ತನೆಯದು ಕಿರೋ ಮಾಮನಿಗೆ. ನಮ್ಮ ಫ್ಯಾಕ್ಟರಿಯ ಗೇಟು ಕಾಯುವವನು. ಮಗು ಹೇಗಿದೆ ಅಂದ, ಇದ್ದದ್ದನ್ನು ಹೇಳಿದೆ. ಅವನ ಮುಖ ಮುದುಡಿಹೋಯಿತು. ಟೋಪಿ ತೆಗೆದ. "ಅವತ್ತು ಮುಷ್ಕರದ ದಿನ ಗೇಟು ಎಳೆದು ಬಡಿದದ್ದು ನಾನು ಕಣಮ್ಮಾ," ಅಂದ. "ಸಾಹೇಬರು ಎಳಿ ಅಂದ್ರು, ಎಳೆದೆ. ನೀನು ಬೆಚ್ಚಿದ್ದು ನೋಡಿದೆ. ಎದೆ ಹಿಡ್ಕೊಂಡಿದ್ದೂ ನೋಡಿದೆ. ಆಮೇಲೆ ನೀನು ಬಸುರಿ ಅಂತ ಗೊತ್ತಾಯ್ತು. ಅವತ್ತಿಂದ ನನ್ನ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಗಿದೆ. ನನ್ನಿಂದಲೇ ಆಯ್ತಾ ತಾಯಿ?"

ಟ್ರಾಯ್ಚೆ, ನಾನು ನಕ್ಕುಬಿಟ್ಟೆ. ಬಿದ್ದು ಬಿದ್ದು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ನಾನು ನನ್ನ ಕೈಯನ್ನು ಶಪಿಸುತ್ತಿದ್ದೆ. ನೀನು, ಮಿಷನ್ ತೊಳೆಯುವ ಆ ದ್ರಾವಣದ ವಾಸನೆಯನ್ನು ಮೈಮೇಲೆ ಮನೆಗೆ ತಂದೆನಲ್ಲ ಅಂತ ನಿನ್ನನ್ನು ಶಪಿಸಿಕೊಳ್ಳುತ್ತಿದ್ದೆ. ಕೆಲಸದ ಅಂಗಿಗಳನ್ನೆಲ್ಲ ನೀನು ಕದ್ದು ಸುಟ್ಟದ್ದು ನನಗೆ ಗೊತ್ತು. ನಿನ್ನಮ್ಮ, ನನಗೆ ಎಚ್ಚರಿಕೆ ಹೇಳದೆ ಹೋದೆನಲ್ಲ ಅಂತ. ಈಗ ಈ ಮುದುಕ! ಊರಿಡೀ ಒಂದು ಪುಟ್ಟ ಹೃದಯದ ಅಪರಾಧವನ್ನು ಹಂಚಿಕೊಂಡು ಹೊರುತ್ತಿದೆ, ಒಬ್ಬರಿಗೂ ಇನ್ನೊಬ್ಬರ ಹೊರೆ ಗೊತ್ತಿಲ್ಲ. ಯಾಕೆಂದರೆ ಬಾಯಲ್ಲಿ ಆಡಬಾರದು!

ಅವನ ಭುಜ ಹಿಡಿದು ಹೇಳಿದೆ: "ಇಲ್ಲ ಮಾಮ. ಗೇಟಿನ ಸದ್ದಿಗೆ ಹೃದಯ ಕೆಡೋ ಹಾಗಿದ್ರೆ ನಮ್ಮ ಫ್ಯಾಕ್ಟರಿಯ ಯಾವಳಿಗೂ ಹೃದಯವೇ ಇರ್ತಿರಲಿಲ್ಲ. ಯಾರ ತಪ್ಪೂ ಅಲ್ಲ. ನಿನ್ನದಲ್ಲ, ನನ್ನದಲ್ಲ."

ಅವನ ಕಣ್ಣು ನೋಡಿ ಹೇಳಿದೆ. ಹೇಳಿದಾಗ ನನಗೇ ಕೇಳಿಸಿತು. ಡಾಕ್ಟರು ಪರದೆಗೆ ಹೇಳಿದ್ದ ಮಾತು ಅಲ್ಲಿಂದ ಇಲ್ಲಿಗೆ ನಡೆದು ಬಂದು ಆಗ ನನ್ನನ್ನು ಮುಟ್ಟಿತು. ಆ ಆಸ್ಪತ್ರೆಯಲ್ಲಿ ಮುರಿದ ಕುರ್ಚಿಗಳ ಬದಲು ಆ ಕೋಣೆಯಲ್ಲಿ ಒಬ್ಬ ಮನುಷ್ಯ ಕೂತಿದ್ದರೆ, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮುಖ ನೋಡಿ ಆ ಒಂದು ಮಾತು ಹೇಳಿದ್ದರೆ, ನಾನು ತಟ್ಟೆ ಎಸೆಯುತ್ತಿರಲಿಲ್ಲ, ನೀನು ಅಂಗಿ ಸುಡುತ್ತಿರಲಿಲ್ಲ. ಮಗುವಿನ ಹೃದಯ ನೋಡಲು ಅಷ್ಟು ದೊಡ್ಡ ಮಿಷನ್ ತರಿಸಿದ್ದಾರೆ. ಅದನ್ನು ಹೊತ್ತ ಇಬ್ಬರ ಎದೆಯೊಳಗೆ ಏನಾಗುತ್ತಿದೆ ಅಂತ ನೋಡಲು ಒಂದು ನೆಟ್ಟಗಿನ ಕುರ್ಚಿಗೆ ಗತಿಯಿಲ್ಲ. ಇದನ್ನು ನಾನು ಸುಮ್ಮನೆ ಬಿಡುವುದಿಲ್ಲ, ಅದು ನಿನಗೂ ಗೊತ್ತು. ಆದರೆ ಅದು ಆಮೇಲಿನ ಜಗಳ.

ಹೊಳೆಗೂ ಹೋದೆ. ನಿನ್ನ ಕಲ್ಲು, ನನ್ನ ಕಲ್ಲು ಎಲ್ಲವನ್ನೂ ಬ್ರೆಗಲ್ನಿತ್ಸಾಕ್ಕೆ ಎಸೆದೆ. ಪದ್ಧತಿಯಂತೆ ಕಡೆಯದೊಂದನ್ನು ಉಳಿಸಿಕೊಂಡೆ. ಆದರೆ ನಲವತ್ತನೆಯ ನಮಸ್ಕಾರ ಯಾರಿಗೂ ಹೇಳಲಿಲ್ಲ. ಎಷ್ಟೋ ಜನ ಎದುರಾದರು, ತಲೆ ಬಗ್ಗಿಸಿಕೊಂಡು ದಾಟಿಬಂದೆ. ಅಹಂಕಾರ ಬಂದಿದೆ ಅಂದುಕೊಂಡಿರಬೇಕು.

ಮೊನ್ನೆ ನಿನ್ನಮ್ಮ ಬಂದಿದ್ದರು, ಮಾಂಸ ಹಾಕಿ ಸುಟ್ಟ ರೊಟ್ಟಿ ಡಬ್ಬಿಯಲ್ಲಿ ತುಂಬಿಕೊಂಡು. ಗೋಡೆಯ ಕಲೆ ನೋಡಿದರು. ನಾನು ತಿನ್ನುವುದನ್ನು ನೋಡುತ್ತಾ ಕೂತು, ಇದ್ದಕ್ಕಿದ್ದ ಹಾಗೆ ನಿನಗಿಂತ ಮೊದಲು ಹುಟ್ಟಿದವನ ಮಾತು ತೆಗೆದರು. ಒಬ್ಬ ಇದ್ದ, ಹೋದ ಅಂತ ಊರಿಗೆಲ್ಲ ಗೊತ್ತು. ಅದಕ್ಕೇ ನಿನಗೆ ಉಳಿಯುವವನು, ಬಾಳುವವನು ಅನ್ನುವ ಹೆಸರಿಟ್ಟದ್ದು ಅನ್ನುವುದೂ ಗೊತ್ತು. "ಅವನೂ ನೀಲಿಗಟ್ಟಿದ್ದ," ಅಂದರು. "ಉಗುರು, ತುಟಿ, ಎಲ್ಲಾ ನೀಲಿ. ಏನಾಗಿತ್ತು ಅಂತ ಯಾರೂ ಹೇಳಲಿಲ್ಲ. ನಾನು ಏನು ಮುಟ್ಟಿಕೊಂಡೆ, ಏನು ತಿಂದೆ ಅಂತ ಮಾತ್ರ ಕೇಳಿದ್ರು. ಎಲ್ಲರೂ ಕೇಳಿದ್ರು. ಆಮೇಲೆ ಯಾರೂ ಅವನ ಮಾತೇ ಎತ್ತಲಿಲ್ಲ. ಟ್ರಾಯ್ಚೆ ಸಣ್ಣವನಿದ್ದಾಗ ನಿದ್ದೆ ಮಾಡ್ತಿದ್ರೆ ಮೂಗಿನ ಹತ್ತಿರ ಕನ್ನಡಿ ಹಿಡಿದು ನೋಡ್ತಿದ್ದೆ, ಉಸಿರಿನ ಮಂಜು ಕಟ್ಟುತ್ತಾ ಅಂತ. ಒಂದೊಂದ್ಸಲ ಅವನು ಎಚ್ಚರವಾಗಿ ನನ್ನನ್ನೇ ನೋಡ್ತಿರ್ತಿದ್ದ."

ಆಗ ನನಗೆ ನಿನ್ನ ಸ್ಕ್ರೂಡ್ರೈವರ್ ಅರ್ಥವಾಯಿತು.

ನಾನು ಅತ್ತೆಯ ಕೈ ಹಿಡಿದು ಕಿರೋ ಮಾಮನಿಗೆ ಹೇಳಿದ ಮಾತನ್ನೇ ಹೇಳಿದೆ. ಅವರು ನನ್ನನ್ನು ನಂಬಿದರೋ ಇಲ್ಲವೋ. "ನಿನಗೇನೇ ಗೊತ್ತು," ಅಂತ ಗದರಿದರು. ಬಹಳ ಹೊತ್ತು ಕೈ ಬಿಡಿಸಿಕೊಳ್ಳಲಿಲ್ಲ. ಹೊರಡುವಾಗ, "ಅವನನ್ನ ಒಬ್ಬನ್ನೇ ಬಿಡಬೇಡ, ಅವನು ನನ್ನ ಹಾಗೇ, ಒಳಗೊಳಗೇ ತಿನ್ಕೋತಾನೆ" ಎಂದರು. ಆಮೇಲೆ ಬಾಗಿಲಲ್ಲಿ ತಿರುಗಿ, "ಆದ್ರೂ ನೀನು ಗುಡ್ಡದ ಮೇಲೆ ಹಾಗೆ ಕಿರುಚಬಾರದಿತ್ತು, ಅರ್ಧ ಊರಿಗೆ ಕೇಳಿಸ್ತು." ಇನ್ನರ್ಧಕ್ಕೆ ನೀವು ಹೇಳಿ ಅತ್ತೆ ಎಂದೆ. ಹೇಳುತ್ತಾರೆ, ನೋಡುತ್ತಿರು.

ಈಗ ಕೆಲಸದ ಮಾತು. ಗುರುವಾರ ಸ್ಕೋಪ್ಯೆಯಲ್ಲಿ ಡಾಕ್ಟರುಗಳ ಮಂಡಳಿ ಕೂರುತ್ತದೆ. ಹೆರಿಗೆ ಎಲ್ಲಿ, ಆಪರೇಷನ್ ಇಲ್ಲೋ ಹೊರದೇಶದಲ್ಲೋ, ಯಾವಾಗ ಹೊರಡಬೇಕು, ಎಲ್ಲವೂ ಅಲ್ಲೇ ತೀರ್ಮಾನ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಗಂಡ ಬರುತ್ತಾನೆ ಎಂದೆ. ಗಂಡಸರನ್ನ ಬಿಡಲ್ಲ ಎಂದರು. ಯಾವ ನಿಯಮದಲ್ಲಿದೆ ಎಂದೆ. ಮೊದಲಿಂದಲೂ ಹಾಗೇ ಎಂದರು. ಮೊದಲಿಂದಲೂ ಅ‌ನ್ನೋದನ್ನ ಬರೆದು ಸಹಿ ಮಾಡಿ ಕೊಡಿ, ನಮ್ಮ ಸಂಘದ ಹೆಂಗಸರನ್ನು ಕರಕೊಂಡು ಬಂದು ಬಾಗಿಲಲ್ಲೇ ಓದಿಸುತ್ತೇನೆ ಎಂದೆ. ಫೋನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಕೊನೆಗೆ ಹೆಡ್ ನರ್ಸಮ್ಮ ಬಂದು, ಸುಸ್ತಾದ ದನಿಯಲ್ಲಿ, "ಅಂಥಾ ನಿಯಮ ಏನೂ ಇಲ್ಲಮ್ಮ, ರೂಢಿ ಅಷ್ಟೆ. ಇಬ್ಬರೂ ಬನ್ನಿ," ಎಂದಳು. ಹೀಗೆ ನಿನ್ನ ಬಾಗಿಲು ತೆರೆದಿದೆ. ಇನ್ನು ಒಳಗೆ ಬರದಿದ್ದರೆ ಅದು ಅವರ ತಪ್ಪಲ್ಲ.

ಈ ಸಲ ಅವರು ಏನು ಕೇಳಿದರೂ ನಾನು ಒಬ್ಬಳೇ ಉತ್ತರ ಹೇಳುವುದಿಲ್ಲ. 'ಮುಂದುವರಿಸ್ತೀರಾ' ಅನ್ನುವ ಆ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿ ಎನ್ನುತ್ತೇನೆ. ನೀನು ನನ್ನ ಪಕ್ಕ ಕೂತು, ನಿನ್ನ ಬಾಯಿಂದ ನಿನ್ನ ಉತ್ತರ ಹೇಳು. ಅದು ನನ್ನದಕ್ಕೆ ಹೊಂದದಿದ್ದರೆ ಅಲ್ಲೇ ಜಗಳವಾಡೋಣ, ಅವರ ಗಡಿಯಾರ ನಿಂತುಹೋಗುವವರೆಗೆ. ಮಗಳಿಗೆ ನಾನು ಹೆಸರು ಯೋಚಿಸಿಲ್ಲ. ಅದು ಇಬ್ಬರ ಹಕ್ಕು, ಒಬ್ಬಳೇ ಚಲಾಯಿಸುವುದಿಲ್ಲ. ಸಿಟ್ಟು ಹಾಗೇ ಇದೆ, ಅದನ್ನೂ ತರುತ್ತೇನೆ. ನೀನು ನಿನ್ನದನ್ನು ತಾ. ಸ್ಕ್ರೂಡ್ರೈವರನ್ನೂ ತಾ. ಗೇಟಿನಲ್ಲಿ ಕಾವಲಿನವರು ಹಿಡಿದರೆ ನಾನು ಮಾತಾಡಿಕೊಳ್ಳುತ್ತೇನೆ.

ನಿನ್ನ ಉಗುರು ಎಂದೂ ನೀಲಿಗಟ್ಟದಿರಲಿ, ಕೈಗೆ ಎಣ್ಣೆಯ ಮಸಿ ತಪ್ಪದಿರಲಿ. ನಿನ್ನ ಹೆಸರಿನಂತೆ ನೀನೂ ಉಳಿ, ಅವಳನ್ನೂ ಉಳಿಸು. ಕಲ್ಲು ನನ್ನ ಕೋಟಿನ ಜೇಬಿನಲ್ಲಿದೆ. ನಲವತ್ತನೆಯ ನಮಸ್ಕಾರ ನಿನಗೆಂದೇ ಇಟ್ಟುಕೊಂಡಿದ್ದೇನೆ. ನಾನು ನಮಸ್ಕಾರ ಎಂದಾಗ ಮಗು ಹೇಗಿದೆ ಅಂತ ಕೇಳು. ನಿಜ ಹೇಳುತ್ತೇನೆ.

ನಿನ್ನ ಮೇಲೆ ಇನ್ನೂ ಸಿಟ್ಟಾಗಿರುವ, ನಿನ್ನವಳೇ ಆದ
ಯಾಗೊದಾ

ಗುರುವಾರ. ಶ್ಟಿಪ್ ಬಸ್ ನಿಲ್ದಾಣ, ಸ್ಕೋಪ್ಯೆ ಬಸ್ಸು ನಿಲ್ಲುವ ಜಾಗ. ಬೆಳಿಗ್ಗೆ ಐದೂವರೆ.